ಮೌಂಟನ್ ಮೆಡೋಸ್ ಹತ್ಯಾಕಾಂಡ: ಪುರಾವೆಯ ತೂಕ ಎಷ್ಟು?

1857ರ ಸೆಪ್ಟೆಂಬರ್ 11ರಂದು ಅಮೆರಿಕದ ಯೂಟಾದಲ್ಲಿ ಮಾರ್ಮನ್ (ಒಂದು ಕ್ರೈಸ್ತ ಪಂಥ) ಸೇನಾಪಡೆಯ ಕೈಯಲ್ಲಿ ಸುಮಾರು 120 ವಲಸಿಗರ ಕೊಲೆಯಾಯಿತು. ವಾಕರ್, ಟರ್ಲಿ, ಲೆನರ್ಡ್ ಬರೆದ ‘ಮ್ಯಾಸಕರ್ ಅಟ್ ಮೌಂಟನ್ ಮೆಡೋಸ್’ (2008) ಇದರ ಸಾಕ್ಷ್ಯವನ್ನು ಜಾಲಾಡುತ್ತದೆ. ಮೂವರೂ ಮಾರ್ಮನ್ನರೇ, ಆದರೂ ಹೊಣೆಯನ್ನು ಅಲ್ಲಿನ ಮೂಲನಿವಾಸಿ ಪೈಯೂಟರ ತಲೆಗೆ ಕಟ್ಟಿಲ್ಲ, ಮೆಚ್ಚಬೇಕು. 1892ರಲ್ಲಿ ಮಾರ್ಮನ್ ಚರ್ಚಿನ ಇತಿಹಾಸಕಾರ ಆಂಡ್ರ್ಯೂ ಜೆನ್ಸನ್ ಬರೆದುಕೊಂಡ ಹೇಳಿಕೆಗಳು ಇದರ ದೊಡ್ಡ ಬಂಡವಾಳ. ಆದರೆ ಅವು 35 ವರ್ಷ ಹಳೆಯ ನೆನಪು, ಕೆಲವು ಕೊಂದವರದ್ದೇ. ಈ ಹತ್ಯೆಗೆ ಶಿಕ್ಷೆಯಾದ ಜಾನ್ ಡಿ. ಲೀಯ ತಪ್ಪೊಪ್ಪಿಗೆಯಂತೂ ವಕೀಲನ ಕೈ ದಾಟಿ 1877ರಲ್ಲಿ ಅಚ್ಚಾದದ್ದು. ತಾಳೆ ನೋಡದೆ ಒಂದು ಸಾಲನ್ನೂ ನಂಬುವಂತಿಲ್ಲ.

ವಲಸಿಗರ ತಂಟೆಗೆ ಹೋಗಬೇಡಿ ಎಂಬ ಮಾರ್ಮನ್ ನಾಯಕ ಬ್ರಿಗಮ್ ಯಂಗ್ ಪತ್ರದ ತಾರೀಖು ಸೆಪ್ಟೆಂಬರ್ 10, ತಲುಪಿದ್ದು 13ಕ್ಕೆ. ಆ ದಿನದ ನಿಲುವಿಗೆ ಇದು ಸಾಕ್ಷಿ. ಆಗಸ್ಟ್‌ನಲ್ಲಿ ಯಂಗ್ ಆಡಿದ ಕಾದಾಟದ ಮಾತುಗಳನ್ನು ಇದು ಅಳಿಸುವುದಿಲ್ಲ. ಪುಸ್ತಕದಲ್ಲಿ ಕೋರ್ಟು ವಿಚಾರಣೆಯ ಭಾಗ ತೀರಾ ಚುಟುಕು. ಹ್ವಾನಿಟಾ ಬ್ರೂಕ್ಸ್ ಅವರ ಇದೇ ಹತ್ಯಾಕಾಂಡದ ಬಗೆಗಿನ 1950ರ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿ.