ಸಿಟಿ ಹೈಬ್ರಿಡ್ಡೋ, ವರ್ಟಸ್ ಜಿಟಿಯೋ? ಬೆಳಗಾವಿಯಲ್ಲಿ ಓಡಿಸಿ ನೋಡುವ ಬಗೆ

ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೋಂಡಾ ಸಿಟಿ ಹೈಬ್ರಿಡ್‌ಗೆ 126 ಪಿಎಸ್ ಶಕ್ತಿ, ಮೋಟಾರಿನ ಟಾರ್ಕ್ (ತಿರುಗಿಸುವ ಬಲ) 253 ಎನ್ಎಂ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯ 1.5 ಲೀಟರ್ ಟರ್ಬೊಗೆ 150 ಪಿಎಸ್, 250 ಎನ್ಎಂ. ಟಾರ್ಕ್ ಹೆಚ್ಚುಕಡಿಮೆ ಒಂದೇ, ಸ್ವಭಾವ ಪೂರ್ತಿ ಬೇರೆ.

ಸಂಜೆ ಹೊತ್ತು ಎಸಿ ಹಾಕಿ, ಚನ್ನಮ್ಮ ವೃತ್ತದಿಂದ ಟಿಳಕವಾಡಿ ರೈಲ್ವೆ ಗೇಟಿನತನಕ ಓಡಿಸಿ. ಇಲ್ಲಿ ಸಿಟಿಯದೇ ಮೇಲುಗೈ. ಚಕ್ರ ತಿರುಗಿಸುವುದು ಮೋಟಾರು, ಎಂಜಿನ್ ಬಹುಪಾಲು ಜನರೇಟರ್. ಗೇರಿನ ಜಗ್ಗಾಟವೇ ಇಲ್ಲ. ವರ್ಟಸ್‌ನ ಏಳು ಗೇರಿನ, ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸಾದ ಡಿಎಸ್‌ಜಿಯಲ್ಲಿರುವುದು ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್‌ಗಳು. ತೆವಳುವ ಟ್ರಾಫಿಕ್ಕಿನಲ್ಲಿ ಅರ್ಧಂಬರ್ಧ ಹಿಡಿದು ಜಾರುತ್ತ ಬಿಸಿಯಾಗುತ್ತವೆ, ಆಗ ಹೊರಡುವಾಗ ನಡುಕ ಬರಬಹುದು. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಹಿಡಿಯದೆ ಬ್ರೇಕನ್ನೇ ಒತ್ತಿ.

ಆಮೇಲೆ ತಪ್ಪದೆ ಹೆದ್ದಾರಿ ಹಿಡಿದು ವಂಟಮುರಿ ಘಾಟಿಗೆ ಹೋಗಿ, ಅದೂ ನಾಲ್ಕು ಜನ ಕೂತು. ಏರಿನಲ್ಲಿ ಪೆಡಲ್ ಪೂರ್ತಿ ಒತ್ತಿದರೆ ಸಿಟಿಯ ಎಂಜಿನ್ ಒಮ್ಮೆಲೇ ಜೋರಾಗಿ ಕೂಗುತ್ತದೆ, ವೇಗ ಆ ಸದ್ದಿನಷ್ಟು ಏರುವುದಿಲ್ಲ. ಇದು ದೋಷವಲ್ಲ, ಮೋಟಾರಿಗೆ ಕರೆಂಟ್ ಒದಗಿಸುವ ರೀತಿ. ಆದರೆ ಕಿವಿಗೆ ಒಗ್ಗದಿದ್ದರೆ ದಿನಾ ಕಿರಿಕಿರಿ. ವರ್ಟಸ್ ಗೇರ್ ಇಳಿಸಿ ಲಾರಿ ದಾಟುವ ಖುಷಿಯೇ ಬೇರೆ. ಇಳಿಜಾರಿನಲ್ಲಿ ಸಿಟಿಯ ಸ್ಟೀರಿಂಗ್ ಹಿಂದಿರುವ ಎಡಗಡೆ ಪ್ಯಾಡಲ್ ಎಳೆದು ನೋಡಿ: ವೇಗ ಕುಗ್ಗುತ್ತದೆ, ಬ್ಯಾಟರಿ ತುಂಬುತ್ತದೆ.

ಡಿಕ್ಕಿಯನ್ನೂ ತೆರೆಯಿರಿ. ಬ್ಯಾಟರಿಯಿಂದಾಗಿ ಸಿಟಿಯಲ್ಲಿ 306 ಲೀಟರ್ ಮಾತ್ರ, ವರ್ಟಸ್‌ನಲ್ಲಿ 521. ಊರೊಳಗಿನ ಓಡಾಟವೇ ಹೆಚ್ಚಾದರೆ ಸಿಟಿ. ವಾರವಾರ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರಿಗೆ ನಮ್ಮ ಮತ ವರ್ಟಸ್‌ಗೆ.