ಅಂಗಡಿಯವನ ಟಾರ್ಚ್ ನಂಬಬೇಡಿ: ₹6,500 ಕಳೆದುಕೊಂಡವನ ಮಾತು

ಹಳೆ ಗಾಜಿನ ಸಾಮಾನು ಕೂಡಿಡುವ ಹುಚ್ಚು ನಿಮಗೂ ಇದ್ದರೆ, ಇದನ್ನು ಓದಿಕೊಂಡು ಅಂಗಡಿಗೆ ಹೋಗಿ. ನಾನು ಏನೂ ಓದದೆ ಹೋಗಿದ್ದೆ. ಅಲ್ಲ, ಅರ್ಧ ಓದಿಕೊಂಡು ಹೋಗಿದ್ದೆ. ಅದು ಇನ್ನೂ ಕೆಟ್ಟದ್ದು.

ಹೋದ ಮೇ ತಿಂಗಳು. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಮಿಕ್ಸರ್ ರಿಪೇರಿಗೆ ಕೊಟ್ಟು, ಅದು ರೆಡಿಯಾಗುವವರೆಗೆ ಸುಮ್ನೆ ಗಲ್ಲಿ ಸುತ್ತುತ್ತಿದ್ದೆ. ಹಳೆ ಗಡಿಯಾರ, ಲಾಟೀನು, ಹಿತ್ತಾಳೆ ತಂಬಿಗೆ ಇಟ್ಟುಕೊಂಡ ಒಂದು ಅಂಗಡಿ ಕಂಡಿತು. ಹೆಸರು ಬರೆಯಲ್ಲ. ಕಪಾಟಿನೊಳಗೆ ತಿಳಿಹಸಿರು ಬಟ್ಟಲು. ಅಂಗೈ ಅಗಲ, ಅಂಚಿನಲ್ಲಿ ಹೂವಿನ ಎಸಳಿನಂಥ ಮಡಿಕೆ.

"ಇದು ಸಾದಾ ಗಾಜಲ್ರಿ ಸರ, ಯುರೇನಿಯಂ ಗಾಜು. ನಿಜಾಮರ ಕಾಲದಾಗ ಒಬ್ರು ಜಾಗೀರದಾರರ ಮನ್ಯಾಗ ಇದ್ದದ್ದು."

ಯುರೇನಿಯಂ ಗಾಜು ಅಂದರೆ ಬಣ್ಣಕ್ಕಾಗಿ ತುಸು ಯುರೇನಿಯಂ ಬೆರೆಸಿ ಮಾಡಿದ ಗಾಜು. ಇನ್ನು ನಮ್ಮ ಕಡೆ ಹಳೆ ಸಾಮಾನೆಲ್ಲ ಜಾಗೀರದಾರರ ಮನೆಯದೇ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಊರಲ್ವಾ, ಕಥೆ ಸಲೀಸಾಗಿ ಕೂರುತ್ತದೆ. ಅಷ್ಟೊಂದು ಜಾಗೀರದಾರರು ಇದ್ದಿದ್ದರೆ ಹೊಲ ಉಳೋಕೆ ಜನವೇ ಇರುತ್ತಿರಲಿಲ್ಲ.

ಆತ ಶಟರ್ ಅರ್ಧ ಇಳಿಸಿದ, ಲೈಟ್ ಆರಿಸಿದ. ಡ್ರಾದಿಂದ ಒಂದು ಸಣ್ಣ ಟಾರ್ಚ್ ತೆಗೆದ. ಅದರ ಮುಖಕ್ಕೆ ಕಪ್ಪು ಗಾಜಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಬಟ್ಟಲಿಗೆ ಹಿಡಿದ ಕೂಡಲೇ ಕತ್ತಲಲ್ಲಿ ಅದು ಪಾಚಿಯಂಥ ಹಸಿರಾಗಿ ಮಂಕಾಗಿ ಹೊಳೆಯಿತು. ಯುರೇನಿಯಂ ಗಾಜು ನೇರಳಾತೀತ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ ಅಂತ ನಾನು ಓದಿದ್ದೆ. ಕಣ್ಣೆದುರೇ ಹೊಳೆಯುತ್ತಿದೆ, ಇನ್ನೇನು ಬೇಕು? ₹8,000 ಹೇಳಿದ, ₹6,500ಕ್ಕೆ ಮುಗಿಯಿತು. ಬಿಲ್ ಮೇಲೆ "ಹಸಿರು ಬಟ್ಟಲು – 1" ಅಂತ ಬರೆದ. ಅಷ್ಟೇ. ಯುರೇನಿಯಂ ಅನ್ನೋ ಮಾತೇ ಇರಲಿಲ್ಲ. ಆಗ ಅದು ನನ್ನ ಗಮನಕ್ಕೇ ಬರಲಿಲ್ಲ.

ಬಿದರಿ ಸಾಮಾನು ಕೊಳ್ಳುವಾಗ ಬೆಳ್ಳಿ ಕೆಲಸದ ಮೇಲೆ ಬೆರಳಾಡಿಸಿ, ತಿರುಗಿಸಿ ಮುರುಗಿಸಿ, ಅರ್ಧ ಗಂಟೆ ತಲೆ ತಿನ್ನುವವನು ನಾನು. ಗಾಜಿನ ವಿಷಯದಲ್ಲಿ 5 ನಿಮಿಷಕ್ಕೆ ದುಡ್ಡು ಕೊಟ್ಟು ಬಂದೆ.

ಎರಡು ವಾರದ ಮೇಲೆ ಬೀದರ್‌ನಿಂದ ನಮ್ಮ ಸೋದರಮಾವ ಬಂದರು. ಅವರಿಗೆ ಈ ಹುಚ್ಚು ನನಗಿಂತ ಹಳೆಯದು. ಬಟ್ಟಲನ್ನು ಹೆಮ್ಮೆಯಿಂದ ಮುಂದಿಟ್ಟೆ. ಅವರು ಚೀಲದಿಂದ ತಮ್ಮ ಟಾರ್ಚ್ ತೆಗೆದರು, ಆನ್‌ಲೈನ್‌ನಲ್ಲಿ ₹200ಕ್ಕೆ ತರಿಸಿದ್ದು. ಬೆಳಗಿನ 11 ಗಂಟೆ, ಕಿಟಕಿ ತೆರೆದೇ ಇದೆ. ಬಟ್ಟಲ ಮೇಲೆ ನೇರಳೆ ಬೆಳಕು ಬಿತ್ತು, ನೇರಳೆಯಾಗಿಯೇ ಉಳಿಯಿತು. ಆಮೇಲೆ ಹತ್ತಿಯಲ್ಲಿ ಸುತ್ತಿ ತಂದಿದ್ದ ತಮ್ಮ ಪುಟ್ಟ ಉಪ್ಪಿನ ಬಟ್ಟಲನ್ನು ಪಕ್ಕಕ್ಕಿಟ್ಟು ಅದರ ಮೇಲೂ ಬೆಳಕು ಬಿಟ್ಟರು. ಅಬ್ಬಾ! ಆ ಹಗಲಲ್ಲೂ ಹೈಲೈಟರ್ ಪೆನ್ನಿನ ಹಸಿರು. ಒಳಗೆ ಬಲ್ಬ್ ಇಟ್ಟ ಹಾಗೆ.

"ಅಳಿಯಾ, ನಿಂದು ಮ್ಯಾಂಗನೀಸ್" ಅಂದರು.

ವಿಷಯ ಏನಂದರೆ, ಮರಳಲ್ಲಿರುವ ಕಬ್ಬಿಣದಿಂದ ಗಾಜು ಹಸಿರಾಗುತ್ತದೆ. ಆ ಬಣ್ಣ ತೆಗೆಯಲು ಹಿಂದಿನವರು ಮ್ಯಾಂಗನೀಸ್ ಹಾಕುತ್ತಿದ್ದರು. ಈ ಮ್ಯಾಂಗನೀಸ್ ಕೂಡ ನೇರಳಾತೀತಕ್ಕೆ ಹಸಿರಾಗಿಯೇ ಹೊಳೆಯುತ್ತದೆ, ಆದರೆ ಮಂಕಾಗಿ. ನೇರಳಾತೀತ ಟಾರ್ಚ್‌ಗಳನ್ನು ಬೆಳಕಿನ ಅಲೆಯ ಉದ್ದದಿಂದ ಗುರುತಿಸುತ್ತಾರೆ. 365 ನ್ಯಾನೋಮೀಟರ್ ಟಾರ್ಚ್‌ಗೆ ಆ ಹೊಳಪು ಚೆನ್ನಾಗಿ ಕಾಣುತ್ತದೆ, ಮಾವನದ್ದರಂಥ ಅಗ್ಗದ 395ಕ್ಕೆ ಬಹುತೇಕ ಏನೂ ಕಾಣಲ್ಲ. ಯುರೇನಿಯಂ ಎರಡಕ್ಕೂ ಧಗಧಗ ಅನ್ನುತ್ತದೆ. ಒಳ್ಳೆ 365ರ ಟಾರ್ಚ್‌ಗೆ ಕಣ್ಣಿಗೆ ಕಾಣುವ ನೇರಳೆ ಬೆಳಕನ್ನು ತಡೆಯಲು ಕಪ್ಪು ಫಿಲ್ಟರ್ ಗಾಜು ಹಾಕಿರುತ್ತಾರೆ. ಈಗ ಅರ್ಥವಾಯಿತಲ್ಲ, ಅವನ ಕೈಯಲ್ಲಿ ಆ ಕಪ್ಪು ಮುಖದ ದುಬಾರಿ ಟಾರ್ಚ್ ಯಾಕಿತ್ತು ಅಂತ? ಹಾಗಂತ ಆ ಟಾರ್ಚೇ ಕೆಟ್ಟದ್ದಲ್ಲ. ಗೊತ್ತಿದ್ದವರು ಅದನ್ನೇ ಬಳಸುತ್ತಾರೆ. ಆದರೆ ಕತ್ತಲು ಮಾಡಿ, ಪಕ್ಕದಲ್ಲಿ ಹೋಲಿಸಲು ಏನೂ ಇಡದೆ ತೋರಿಸಿದರೆ ನನ್ನಂಥವನಿಗೆ ಮಂಕು ಯಾವುದು, ಧಗಧಗ ಯಾವುದು ಹೇಗೆ ಗೊತ್ತಾಗಬೇಕು?

ಮಾವನನ್ನು ಕರೆದುಕೊಂಡು ಮತ್ತೆ ಅಂಗಡಿಗೆ ಹೋದೆ. ಆತನ ಉತ್ತರ ರೆಡಿ ಇತ್ತು: "ಹೊಳಿತದ ಅಂದಿದ್ದೆ, ಹೊಳಿಲಿಲ್ಲೇನ್ರಿ?" ಬಿಲ್ ತೋರಿಸಿದೆ. ಬಿಲ್‌ನಲ್ಲಿ ಹಸಿರು ಬಟ್ಟಲು, ನನ್ನ ಕೈಯಲ್ಲೂ ಹಸಿರು ಬಟ್ಟಲು. ದುಡ್ಡು ವಾಪಸ್ ಬರಲಿಲ್ಲ. ನೀವು ಕೊಳ್ಳುವುದಾದರೆ ಆತ ಬಾಯಲ್ಲಿ ಹೇಳಿದ್ದನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಮಾವ ಮಾತ್ರ ಜಗಳಕ್ಕೆ ಬರಲಿಲ್ಲ. ಸುಮ್ಮನೆ ಅಲ್ಲಿದ್ದ ಕೆಂಪು ಹೂದಾನಿ ಎತ್ತಿಕೊಂಡು ಹೊರಗೆ ಬಿಸಿಲಿಗೆ ಹೋದರು. ಅವತ್ತು ಅದನ್ನೂ ಕೊಳ್ಳಬೇಕು ಅಂದುಕೊಂಡಿದ್ದೆ, "ಬಂಗಾರ ಹಾಕಿ ಮಾಡಿದ ಕೆಂಪು" ಅಂದಿದ್ದ. ಚಿನ್ನದಿಂದ ಗಾಜಿಗೆ ಕೆಂಪು ಬರುವುದು ನಿಜ. ಆದರೆ ಬಿಸಿಲಲ್ಲಿ ಪಾದದ ಕೆಳಗೆ ನೋಡಿದರೆ ಬಣ್ಣ ಒಂದು ಕಡೆ ದಪ್ಪಗೆ ಕೂತು, ಇನ್ನೊಂದು ಕಡೆ ಬಿಳಿ ಗಾಜು ಇಣುಕುತ್ತಿತ್ತು. ಮಾವ ಹೆಬ್ಬೆರಳ ಉಗುರಿನಿಂದ ಕೆರೆದರು. ಉಗುರಿನ ಸಂದಿಯಲ್ಲಿ ಕೆಂಪು ಪೊರೆ, ನೇಲ್ ಪಾಲಿಶ್ ಎದ್ದ ಹಾಗೆ. ಮೇಲುಪದರದ ಬಣ್ಣ ಅಂದರೆ ಎಲ್ಲ ಮೋಸ ಅಂತಲ್ಲ. ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಗಾಜಿನ ಕುಶಲಕರ್ಮಿ ಫ್ರೀಡ್ರಿಖ್ ಎಗರ್ಮಾನ್ 1830ರ ದಶಕದಲ್ಲೇ ಗಾಜಿನ ಮೇಲೆ ತೆಳು ಕೆಂಪು ಪದರ ಸುಟ್ಟು ಕೂರಿಸುತ್ತಿದ್ದ, ಅದಕ್ಕೆ ಇವತ್ತು ಒಳ್ಳೆ ಬೆಲೆ ಇದೆ. ಆದರೆ ಅದು ಉಗುರಿಗೆ ಏಳುವ ಬಣ್ಣವಲ್ಲ.

ಪಕ್ಕದಲ್ಲೇ ಸೀಮೆಎಣ್ಣೆ ನೀರಿಗೆ ಬಿದ್ದ ಹಾಗೆ ಏಳು ಬಣ್ಣ ಮಿನುಗುವ ಮೀನಿನಾಕಾರದ ಹೂದಾನಿ ಇತ್ತು. "ಅಮೆರಿಕದ್ದು, ಕಾರ್ನಿವಲ್ ಗಾಜು" ಅಂದ. ಹೀಗೆ ಮೈಮೇಲೆ ಏಳು ಬಣ್ಣ ಮಿನುಗುವ ಗಾಜಿಗೆ ಕಾರ್ನಿವಲ್ ಅನ್ನುವುದು ಹೌದು. ಆದರೆ ಅಂಥ ಮೀನಿನ ಹೂದಾನಿಗಳನ್ನು ನಮ್ಮ ಫಿರೋಜಾಬಾದ್‌ನ ಜೈನ್ ಗ್ಲಾಸ್ ವರ್ಕ್ಸ್‌ನವರೇ ಮಾಡುತ್ತಿದ್ದರು. ಹೊರಗಿನವರು ಅದನ್ನು ಭಾರತದ್ದು ಅಂತಲೇ ಹುಡುಕಿ ಕೊಳ್ಳುತ್ತಾರೆ. ಇವನು ಸುಮ್ನೆ ಅಮೆರಿಕಕ್ಕೆ ಕಳಿಸಿದ್ದ.

ಇನ್ನೊಂದು ವಿಷಯ. ಹೊಳೆದ ಮಾತ್ರಕ್ಕೆ ಹಳೆಯದು ಅಂತಲ್ಲ. ಯುರೇನಿಯಂ ಗಾಜನ್ನು ಈಗಲೂ ಹೊಸದಾಗಿ ಮಾಡುತ್ತಾರೆ. ತಳ ತಿರುಗಿಸಿ ನೋಡಿ. ವರ್ಷಗಟ್ಟಲೆ ಮೇಜಿನ ಮೇಲೆ ಎಳೆದಾಡಿದ್ದರೆ ಗೀರುಗಳು ದಿಕ್ಕಾಪಾಲಾಗಿ ಇರುತ್ತವೆ. ನನ್ನ ಬಟ್ಟಲಿನ ತಳದಲ್ಲಿ ಎಲ್ಲವೂ ಒಂದೇ ಕಡೆಗೆ, ಕುಂಟೆ ಹೊಡೆದ ಹೊಲದ ಸಾಲಿನ ಹಾಗೆ. ಸ್ಯಾಂಡ್‌ಪೇಪರ್ ಕೆಲಸ.

ನಮ್ಮ ಮನೆಯವಳಿಗೆ ಮೊದಲ ದಿನವೇ ಹೆದರಿಕೆ. "ಯುರೇನಿಯಂ ಅಂತೀರಿ, ಅಡುಗಿಮನಿಗಿ ತರಬ್ಯಾಡ್ರಿ" ಅಂದು ಅದನ್ನು ಬಾಲ್ಕನಿ ಕಪಾಟಿಗೆ ಗಡೀಪಾರು ಮಾಡಿದ್ದಳು. ಮಾವ ಬಂದುಹೋದ ಸಂಜೆಯೇ ತೊಳೆದು ಒಳಗೆ ತಂದಳು. ಈಗ ಅದರಲ್ಲಿ ಶೇಂಗಾ ಹಿಂಡಿ ಇರುತ್ತದೆ. ರೊಟ್ಟಿ ಬಡಿಸುವಾಗಲೆಲ್ಲ ₹6,500ರ ಬಟ್ಟಲು ನನ್ನ ಮುಂದೆಯೇ ಬರುತ್ತದೆ.