ಸೊಂಟನೋವಿಗೆ ಜಯನಗರದ ಈ ಫಿಸಿಯೋಥೆರಪಿ ಕೇಂದ್ರ: ಒಬ್ಬ ಬೌಲರ್‌ನ ಏಳು ತಿಂಗಳ ಅನುಭವ

ನನಗೆ 19 ವರ್ಷ. ಕಾಲೇಜು ತಂಡಕ್ಕೂ ಒಂದು ಕ್ಲಬ್ಬಿಗೂ ಬಲಗೈ ಮಧ್ಯಮ ವೇಗದ ಬೌಲರ್ ಆಗಿ ಆಡುತ್ತೇನೆ. ಕಳೆದ ಅಕ್ಟೋಬರ್‌ನಲ್ಲಿ ಮೊದಲ ಬಾರಿ ಈ ಕೇಂದ್ರದ ಮೆಟ್ಟಿಲು ಹತ್ತಿದಾಗ ನನ್ನ ಸೊಂಟನೋವಿಗೆ ಎರಡೂವರೆ ತಿಂಗಳಾಗಿತ್ತು. ಏಪ್ರಿಲ್ ಕೊನೆಯ ವಾರದಲ್ಲಿ ಕೊನೆಯ ಸಿಟ್ಟಿಂಗ್ ಮುಗಿಯಿತು; ಅದರ ಹಿಂದಿನ ಭಾನುವಾರ ಒಂದು ಪಂದ್ಯದಲ್ಲಿ ಆರು ಓವರ್ ಬೌಲಿಂಗ್ ಮಾಡಿ, ಮರುದಿನ ಬೆಳಿಗ್ಗೆ ನೋವಿಲ್ಲದೆ ಹಾಸಿಗೆಯಿಂದ ಎದ್ದಿದ್ದೆ. ನಡುವಿನ ಏಳು ತಿಂಗಳಲ್ಲಿ ಒಟ್ಟು 18 ಸಿಟ್ಟಿಂಗ್ ಆದವು. ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. "ಎರಡೇ ದಿನದಲ್ಲಿ ನೋವು ಮಾಯ" ಎಂದು ಜನ ಬರೆದದ್ದನ್ನು ಓದಿ ನಾನು ಮೊದಲು ಬೇರೊಂದು ಕಡೆಗೆ ಹೋಗಿದ್ದೆ. ಅದರಿಂದ ಕಳೆದುಕೊಂಡ ಎರಡು ತಿಂಗಳು ನನ್ನ ವಯಸ್ಸಿನ ಇನ್ನೊಬ್ಬ ಆಟಗಾರ್ತಿಗೆ ಉಳಿಯಲಿ ಎಂಬುದು ನನ್ನ ಆಸೆ.

ನೋವು ಶುರುವಾದದ್ದು ಆಗಸ್ಟ್‌ನಲ್ಲಿ. ಎಲ್ಲಿಯೂ ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಮ್ಯಾಟಿಂಗ್ ಪಿಚ್ ಮೇಲೆ ನಾಲ್ಕನೇ ಓವರ್ ಹಾಕುವಾಗ ಎಡಗಾಲು ಊರಿದ ಕ್ಷಣದಲ್ಲಿ ಸೊಂಟದ ಎಡಬದಿಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಓವರ್ ಮುಗಿಸಿ ಫೈನ್ ಲೆಗ್‌ಗೆ ಹೋಗಿ ನಿಂತರೆ ಏನೂ ಇಲ್ಲ. ಮನೆಯಲ್ಲಿ ಅಜ್ಜಿ "ಸೊಂಟ ಹಿಡ್ಕೊಂಡಿದೆ ಅಷ್ಟೇ ಮಗೂ" ಎಂದು ಹರಳೆಣ್ಣೆ ಬಿಸಿಮಾಡಿ ಹಚ್ಚಿದರು. ಕಾಲು ಮುಂದಾಗಿ ಹುಟ್ಟಿದವರಿಂದ ಮೂರು ಬಾರಿ ಒದೆಸಿಕೊಂಡರೆ ಉಳುಕು ಹೋಗುತ್ತದೆಂದು ಪಕ್ಕದ ಮನೆಯವರು ಹೇಳಿದಾಗ, ಅಮ್ಮ ಅಂಥವರನ್ನು ಹುಡುಕಿಯೂ ಬಂದಿದ್ದರು. ಮೈದಾನದಲ್ಲಿ ಹಿರಿಯರ ಮಾತು ಇನ್ನೊಂದು: ವೇಗದ ಬೌಲರ್‌ಗೆ ಸೊಂಟ ನೋಯದೆ ಇನ್ನೇನು ನೋಯುತ್ತದೆ, ಆಡುತ್ತಾ ಆಡುತ್ತಾ ಸರಿಹೋಗುತ್ತದೆ. ಇವರೆಲ್ಲರೂ ನನ್ನ ಒಳ್ಳೆಯದನ್ನೇ ಬಯಸಿದವರು. ಆದರೆ ಎಣ್ಣೆಗೂ ಆಟಕ್ಕೂ ಬಗ್ಗುವ ನೋವು ಅದಾಗಿರಲಿಲ್ಲ.

ಆಮೇಲೆ ಹೋದದ್ದು ಮನೆಗೆ ಹತ್ತಿರದ ಒಂದು ಚಿಕಿತ್ಸಾ ಕೇಂದ್ರಕ್ಕೆ. ಅಲ್ಲಿ 12 ಸಿಟ್ಟಿಂಗ್‌ಗಳ ಪ್ಯಾಕೇಜಿನ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಂಡರು. ಪ್ರತಿ ಬಾರಿಯೂ ಬೋರಲು ಮಲಗಿಸಿ ಬಿಸಿ ಪ್ಯಾಕ್ ಇಡುವುದು, ಹದಿನೈದು ನಿಮಿಷ ಕರೆಂಟ್ ಕೊಡುವುದು, ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಆಡಿಸುವುದು, ಕೊನೆಗೆ ಒಂದು ಸೊಂಟದ ಬೆಲ್ಟ್ ಕಟ್ಟಿ ಕಳುಹಿಸುವುದು. ನಾನು ಯಾವ ಆಟ ಆಡುತ್ತೇನೆಂದು ಮೊದಲ ದಿನ ಬರೆದುಕೊಂಡರು. ಹೇಗೆ ಆಡುತ್ತೇನೆಂದು ಕೊನೆಯವರೆಗೂ ಯಾರೂ ಕೇಳಲಿಲ್ಲ. ಬಿಸಿ ಮತ್ತು ಕರೆಂಟಿನಿಂದ ಸ್ನಾಯು ಸಡಿಲಗೊಂಡು ಕೆಲವು ಗಂಟೆ ಹಾಯೆನಿಸುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಹಾಯೆನಿಸಿದ ಧೈರ್ಯದಲ್ಲಿ ನಾನು ಬೆಲ್ಟ್ ಕಟ್ಟಿಕೊಂಡು ಮತ್ತೆ ಮತ್ತೆ ನೆಟ್ಸ್‌ಗೆ ಹೋದೆ, ಮತ್ತೆ ಮತ್ತೆ ಅದೇ ನಾಲ್ಕನೇ ಓವರಿನಲ್ಲಿ ಕೈ ಚೆಲ್ಲಿ ನಿಂತೆ. ಅದು ಬಿರುಕು ಬಿಡುತ್ತಿದ್ದ ಮೂಳೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಈಗ ಈ ಕೇಂದ್ರದ ಮೊದಲ ದಿನಕ್ಕೆ ಬರುತ್ತೇನೆ. ಐವತ್ತು ನಿಮಿಷದ ಆ ಭೇಟಿಯಲ್ಲಿ ಫಿಸಿಯೋಥೆರಪಿಸ್ಟ್ ಮೇಡಂ ಮೊದಲ ಇಪ್ಪತ್ತೈದು ನಿಮಿಷ ನನ್ನ ಬೆನ್ನನ್ನು ಮುಟ್ಟಲೇ ಇಲ್ಲ, ಬರಿಯ ಪ್ರಶ್ನೆಗಳನ್ನು ಕೇಳಿದರು. ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ, ಜ್ವರ ಬಂದಿತ್ತೇ, ತೂಕ ಇಳಿದಿದೆಯೇ, ಕಾಲಿಗೆ ಜೋಮು ಇಳಿಯುತ್ತದೆಯೇ, ಮೂತ್ರ ಕಟ್ಟಿದಂತೆ ಆಗುತ್ತದೆಯೇ? ಕೂತರೆ ಹೆಚ್ಚೋ, ನಿಂತರೆ ಹೆಚ್ಚೋ? ಬಗ್ಗಿದರೆ ಹೆಚ್ಚೋ, ಹಿಂದಕ್ಕೆ ವಾಲಿದರೆ ಹೆಚ್ಚೋ? ಬಳಿಕ ಒಂದು ಹಾಳೆ ಕೊಟ್ಟು, ಜೂನ್‌ನಿಂದ ಪ್ರತಿ ವಾರ ಎಷ್ಟು ಚೆಂಡು ಹಾಕಿದ್ದೆನೆಂದು ನೆನಪಿದ್ದಷ್ಟು ಬರೆಯಲು ಹೇಳಿದರು. ಪರೀಕ್ಷೆ ಇದ್ದ ಜೂನ್‌ನಲ್ಲಿ ವಾರಕ್ಕೆ ಅರವತ್ತು ಚೆಂಡೂ ಇರಲಿಲ್ಲ. ಆಗಸ್ಟ್‌ನ ಒಂದು ವಾರದಲ್ಲಿ ನೆಟ್ಸ್ ಮತ್ತು ಪಂದ್ಯ ಸೇರಿ 330 ಆಗಿತ್ತು. ಎರಡೂ ಅಂಕಿಗಳು ನನ್ನದೇ ಕೈಬರಹದಲ್ಲಿ ಒಂದೇ ಹಾಳೆಯ ಮೇಲೆ ಬಂದಾಗ ಅವರು ಏನೂ ಹೇಳದೆ ಪೆನ್ನಿನಿಂದ ಎರಡಕ್ಕೂ ಸುತ್ತು ಹಾಕಿದರು.

ಆಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. "ನೋಡಮ್ಮ, ಎಲ್ಲಿ ನೋವು ಅಂತ ಒಂದೇ ಬೆರಳಲ್ಲಿ ತೋರಿಸು." ಬೆನ್ನುಮೂಳೆಯಿಂದ ಎರಡು ಬೆರಳಗಲ ಎಡಕ್ಕೆ, ಪ್ಯಾಂಟಿನ ಪಟ್ಟಿಯ ಹತ್ತಿರ ತೋರಿಸಿದೆ. ಎಡಗಾಲ ಮೇಲೆ ಮಾತ್ರ ನಿಂತು ನಿಧಾನವಾಗಿ ಹಿಂದಕ್ಕೆ ವಾಲಲು ಹೇಳಿದರು, ಅರ್ಧಕ್ಕೇ ಚುಚ್ಚಿತು. ಬಲಗಾಲ ಮೇಲೆ ನಿಂತು ವಾಲಿದರೆ ಏನೂ ಇಲ್ಲ. ಈ ಒಂದು ಪರೀಕ್ಷೆಯಿಂದಲೇ ಏನನ್ನೂ ತೀರ್ಮಾನಿಸಲಾಗದೆಂದು ಅವರೇ ಹೇಳಿದರು. ಆದರೆ ವಯಸ್ಸು, ಬೌಲಿಂಗ್, ಹಿಂದಕ್ಕೆ ವಾಲಿದಾಗ ಹೆಚ್ಚುವ ನೋವು, ಎರಡು ತಿಂಗಳು ದಾಟಿದ ಅವಧಿ, ಎಲ್ಲವನ್ನೂ ಸೇರಿಸಿ ನೋಡಿದಾಗ ಸ್ಕ್ಯಾನ್ ಆಗುವವರೆಗೆ ಯಾವ ಚಿಕಿತ್ಸೆಯನ್ನೂ ಶುರುಮಾಡುವುದಿಲ್ಲವೆಂದು ಹೇಳಿ, ಕ್ರೀಡಾ ಗಾಯಗಳನ್ನು ನೋಡುವ ಮೂಳೆ ವೈದ್ಯರಿಗೆ ಪತ್ರ ಬರೆದುಕೊಟ್ಟರು. ಹಣ ಕಟ್ಟಲು ಸಿದ್ಧವಾಗಿ ಬಂದವಳನ್ನು ಚಿಕಿತ್ಸೆ ಕೊಡದೆ ವಾಪಸು ಕಳುಹಿಸಿದ ಆ ನಿರ್ಧಾರಕ್ಕಾಗಿಯೇ ನಾನು ಈ ಕೇಂದ್ರಕ್ಕೆ ಐದು ನಕ್ಷತ್ರ ಕೊಡುತ್ತಿದ್ದೇನೆ.

ಸೆಪ್ಟೆಂಬರ್‌ನಲ್ಲಿ ತೆಗೆಸಿದ್ದ ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಆರಂಭದ ಹಂತದಲ್ಲಿ ಎಕ್ಸ್‌ರೇಗೆ ಇಂಥ ಬಿರುಕು ಸಿಗದೇ ಹೋಗುವುದು ಸಾಮಾನ್ಯವಂತೆ. ಎಂಆರ್‌ಐಯಲ್ಲಿ ಸೊಂಟದ ಐದನೇ ಕಶೇರುಕದ, ಅಂದರೆ ಎಲ್5ರ, ಎಡಬದಿಯ ಪಾರ್ಸ್ ಎಂಬ ಭಾಗದಲ್ಲಿ ಮೂಳೆಯೊಳಗಿನ ಊತವೂ ಸಣ್ಣ ಬಿರುಕೂ ಕಂಡವು. ಇದಕ್ಕೆ ಸ್ಪಾಂಡಿಲೋಲೈಸಿಸ್ ಎಂಬ ದೊಡ್ಡ ಹೆಸರಿದೆ. ಆಡುವವರ ಬಾಯಲ್ಲಿ ಸ್ಟ್ರೆಸ್ ಫ್ರಾಕ್ಚರ್. ಮೇಡಂ ಪ್ಲಾಸ್ಟಿಕ್ ಬೆನ್ನೆಲುಬಿನ ಮಾದರಿ ತಂದು, ಕಶೇರುಕದ ಹಿಂಭಾಗದಲ್ಲಿ ಮೇಲಿನ ಮತ್ತು ಕೆಳಗಿನ ಕೀಲುಗಳ ನಡುವೆ ಇರುವ ಆ ಕಿರಿದಾದ ಮೂಳೆಯ ಸೇತುವೆಯನ್ನು ನನ್ನ ಬೆರಳಿಗೆ ಮುಟ್ಟಿಸಿದರು. ಬಲಗೈ ಬೌಲರ್ ಚೆಂಡು ಬಿಡುವಾಗ ಬೆನ್ನು ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತಿರುಗುವ ಮೂರೂ ಚಲನೆಗಳು ಒಟ್ಟಿಗೆ ನಡೆಯುತ್ತವೆ. ಅದೇ ಹೊತ್ತಿಗೆ ಮುಂದಿನ ಕಾಲು ನೆಲಕ್ಕೆ ಊರಿದಾಗ ದೇಹದ ತೂಕದ ಐದಾರು ಪಟ್ಟು ಬಲ ಮೇಲಕ್ಕೆ ಬರುತ್ತದೆ. ಆ ಒತ್ತಡ ಬೀಳುವುದು ಬೌಲಿಂಗ್ ಕೈಯ ವಿರುದ್ಧ ಬದಿಯ ಪಾರ್ಸ್ ಮೇಲೆ. ಆದ್ದರಿಂದಲೇ ನನ್ನ ನೋವು ಎಡಕ್ಕಿತ್ತು. ಸೊಂಟದ ಮೂಳೆಗಳು ಪೂರ್ತಿ ಗಟ್ಟಿಯಾಗಲು ಇಪ್ಪತ್ತರ ದಶಕದ ನಡುವಿನವರೆಗೂ ಕಾಲ ಬೇಕು. ಮೂಳೆ ತನ್ನ ಸವಕಳಿಯನ್ನು ತಾನೇ ರಿಪೇರಿ ಮಾಡಿಕೊಳ್ಳುವ ವೇಗಕ್ಕಿಂತ ನಾವು ಚೆಂಡು ಹಾಕುವ ವೇಗ ಹೆಚ್ಚಾದಾಗ ಬಿರುಕು ಹುಟ್ಟುತ್ತದೆ.

ಆ ದಿನ ನಾನು ಅತ್ತದ್ದನ್ನು ಮುಚ್ಚಿಡುವುದಿಲ್ಲ. ಬೆನ್ನಿನ ಮೂಳೆ ಒಡೆದಿದೆ ಎಂದರೆ ಆಟ ಮುಗಿಯಿತೆಂದೇ ನಾನು ತಿಳಿದಿದ್ದೆ. ಮೇಡಂ ನಮ್ಮ ಊರಿನವರೇ ಆದ ವೇಗದ ಬೌಲರ್ ಪ್ರಸಿದ್ಧ್ ಕೃಷ್ಣ ಅವರ ಉದಾಹರಣೆ ಕೊಟ್ಟರು. ಸೊಂಟದ ಸ್ಟ್ರೆಸ್ ಫ್ರಾಕ್ಚರ್‌ನಿಂದ 2023ರ ಐಪಿಎಲ್ ಪೂರ್ತಿ ತಪ್ಪಿಸಿಕೊಂಡವರು ಅದೇ ವರ್ಷದ ಆಗಸ್ಟ್‌ನಲ್ಲಿ ಐರ್ಲೆಂಡಿನಲ್ಲಿ ಭಾರತಕ್ಕೆ ಆಡಿದರು. ಅದೇ ಸರಣಿಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡ ಜಸ್‌ಪ್ರೀತ್ ಬೂಮ್ರಾ ನಾಯಕರಾಗಿ ಮರಳಿದರು. ಇಬ್ಬರ ಪುನಶ್ಚೇತನವೂ ನಡೆದದ್ದು ಇದೇ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. ನನ್ನಂಥ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ, ಬೇಕಾಗಿರುವುದು ಸಮಯ ಎಂದರು.

ಆ ಸಮಯವೇ ಕಷ್ಟದ್ದು. ಹನ್ನೆರಡು ವಾರ ಬೌಲಿಂಗ್ ಇಲ್ಲ, ಓಟ ಇಲ್ಲ, ಜಿಗಿತ ಇಲ್ಲ. ನೋವು ನಾಲ್ಕನೇ ವಾರಕ್ಕೇ ಹೋಗಿತ್ತು. ನೋವು ಹೋಗುವುದಕ್ಕೂ ಮೂಳೆ ಕೂಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಅವರು ಪ್ರತಿ ಭೇಟಿಯಲ್ಲೂ ಬೇಸರವಿಲ್ಲದೆ ಹೇಳಬೇಕಾಯಿತು. ಮೊದಲ ವಾರಗಳಲ್ಲಿ ನಡಿಗೆ ಮಾತ್ರ. ನಂತರ ಅಂಗಾತ ಮಲಗಿ ಎದುರುಬದಿಯ ಕೈಕಾಲು ಚಾಚುವುದು, ಸೊಂಟ ಎತ್ತಿ ಹಿಡಿಯುವ ಬ್ರಿಡ್ಜ್, ಮಂಡಿಯೂರಿ ಮಾಡುವ ಸೈಡ್ ಪ್ಲ್ಯಾಂಕ್. ಎಡಬದಿಗೆ 40 ಸೆಕೆಂಡ್ ನಿಲ್ಲುತ್ತಿದ್ದ ನಾನು ಬಲಬದಿಗೆ 18 ಸೆಕೆಂಡಿಗೇ ನಡುಗಿಬಿಡುತ್ತಿದ್ದೆ. ಎರಡೂ ಬದಿ ಸಮವಾಗುವವರೆಗೆ ಮುಂದಿನ ವ್ಯಾಯಾಮ ಕೊಡಲಿಲ್ಲ. ಬೆನ್ನು ಬಗ್ಗಿಸದೆ ತೊಡೆಯ ಕೀಲಿನಿಂದ ಬಾಗುವುದನ್ನು ಕಲಿಸಲು ಒಂದು ಕೋಲನ್ನು ತಲೆ, ಬೆನ್ನು, ಪೃಷ್ಠ ಮೂರಕ್ಕೂ ತಾಗುವಂತೆ ಹಿಡಿಸಿ, ಒಂದೂ ಬಿಡದಂತೆ ಬಾಗಿಸಿದರು. ಈಗ ಕಿಟ್ ಬ್ಯಾಗ್ ಎತ್ತುವಾಗಲೂ ಸ್ಕೂಟರ್ ಸ್ಟ್ಯಾಂಡ್ ಹಾಕುವಾಗಲೂ ಆ ಕೋಲು ನೆನಪಾಗುತ್ತದೆ.

ಇನ್ನೊಂದು ವಿಷಯವನ್ನು ಹುಡುಗಿಯರು ಗಮನಿಸಬೇಕೆಂದು ಬರೆಯುತ್ತಿದ್ದೇನೆ. ಎರಡನೇ ಭೇಟಿಯಲ್ಲಿ ಮೇಡಂ ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಕೇಳಿದರು. ಸೊಂಟಕ್ಕೂ ಅದಕ್ಕೂ ಏನು ಸಂಬಂಧ ಎಂದು ಅಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. ನನಗೆ ಮೂರು ತಿಂಗಳಿನಿಂದ ಆಗಿರಲಿಲ್ಲ; ಆಟ ಹೆಚ್ಚಾದಾಗ ಹೀಗಾಗುತ್ತದೆಂದು ಸುಮ್ಮನಿದ್ದೆ. ಖರ್ಚಾಗುವಷ್ಟು ಶಕ್ತಿ ಊಟದಿಂದ ಬಾರದಿದ್ದಾಗ ಮುಟ್ಟು ನಿಲ್ಲುತ್ತದೆ, ಅದರೊಂದಿಗೆ ಮೂಳೆಯೂ ದುರ್ಬಲವಾಗುತ್ತದೆ ಎಂದು ವಿವರಿಸಿ, ರಕ್ತ ಪರೀಕ್ಷೆಗೂ ಸ್ತ್ರೀರೋಗ ತಜ್ಞರ ಬಳಿಗೂ ಕಳುಹಿಸಿದರು. ವಿಟಮಿನ್ ಡಿ ಕಡಿಮೆ ಇತ್ತು. ಬೆಳಿಗ್ಗೆ ಐದೂವರೆಗೆ ಬರಿ ಕಾಫಿ ಕುಡಿದು ನೆಟ್ಸ್‌ಗೆ ಹೋಗಿ, ಹನ್ನೊಂದಕ್ಕೆ ಕಾಲೇಜು ಕ್ಯಾಂಟೀನಿನಲ್ಲಿ ಎರಡು ಇಡ್ಲಿ ತಿನ್ನುತ್ತಿದ್ದವಳಿಗೆ ಈಗ ಅಮ್ಮ ಬಾಳೆಹಣ್ಣು, ಕಡಲೆಕಾಯಿ, ರಾಗಿ ಗಂಜಿಯ ಬಾಟಲಿ ಕಟ್ಟಿ ಕಳುಹಿಸುತ್ತಾರೆ. ಡಿಸೆಂಬರ್‌ನಲ್ಲಿ ಮುಟ್ಟು ಮರಳಿತು.

ಜನವರಿ ಕೊನೆಯಲ್ಲಿ, ಮೂಳೆ ವೈದ್ಯರು ಒಪ್ಪಿದ ಮೇಲೆ, ನಿಂತ ಜಾಗದಿಂದ 12 ಚೆಂಡು ಹಾಕಲು ಅನುಮತಿ ಸಿಕ್ಕಿತು, ಅದೂ ಎರಡು ದಿನಕ್ಕೊಮ್ಮೆ. ನಂತರ ನಾಲ್ಕು ಹೆಜ್ಜೆಯ ರನ್‌ಅಪ್, ಆಮೇಲೆ ಅರ್ಧ, ಮಾರ್ಚ್‌ನಲ್ಲಿ ಪೂರ್ತಿ. ಎಲ್ಲವೂ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ಚೆಂಡಿನ ಲೆಕ್ಕ, ಮರುದಿನ ಬೆಳಗಿನ ನೋವಿಗೆ ಹತ್ತರಲ್ಲಿ ಎಷ್ಟು ಎಂಬ ಮೂರು ಕಾಲಂಗಳಲ್ಲಿ ಇದೆ. ಫೆಬ್ರವರಿ ಮಧ್ಯದಲ್ಲಿ ಒಮ್ಮೆ ಮೂರು ಎಂದು ಬರೆದ ದಿನ ಇಡೀ ವಾರದ ಲೆಕ್ಕವನ್ನು ಹಿಂದಿನ ಹಂತಕ್ಕೆ ಇಳಿಸಿದರು. ನನ್ನ ಬೌಲಿಂಗಿನ ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿ, ಹಿಂದಿನ ಕಾಲು ಊರಿದ ಮೇಲೆ ಭುಜಗಳು ಮಾತ್ರ ಹಿಂದಕ್ಕೆ ತಿರುಗುವುದನ್ನು ಗುರುತಿಸಿ ಕೋಚ್‌ಗೆ ಪತ್ರ ಕೊಟ್ಟರು. ತಿದ್ದುವ ಕೆಲಸ ತಮ್ಮದಲ್ಲ, ಕೋಚ್‌ನದು ಎಂದರು. ಇದು ನನಗೆ ಬಹಳ ಇಷ್ಟವಾಯಿತು.

ಕೊರತೆಗಳಿವೆ. ಕೇಂದ್ರ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ; ಸೊಂಟ ಹಿಡಿದುಕೊಂಡು ಬರುವವರಿಗೆ ಆ ಕಡಿದಾದ ಮೆಟ್ಟಿಲುಗಳು ನಿಜಕ್ಕೂ ಹಿಂಸೆ. ಸಂಜೆ ಆರರ ನಂತರ ಸಮಯ ಕೊಟ್ಟಿದ್ದರೂ ಅರ್ಧ ಗಂಟೆ ಕಾಯಬೇಕು, ಕಾಯುವ ಜಾಗದಲ್ಲಿರುವುದು ಬೆನ್ನಿಗೆ ಆಸರೆಯಿಲ್ಲದ ಸ್ಟೂಲುಗಳು. ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ನನ್ನ ಪಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದ ಕಬಡ್ಡಿ ಹುಡುಗನೊಬ್ಬ ಚಿತ್ರ ನೋಡಿ ತಪ್ಪಾಗಿ ಮಾಡುತ್ತಿದ್ದದ್ದನ್ನು ಕಂಡ ಮೇಲೆ ನಾನೇ ಕನ್ನಡದಲ್ಲಿ ಬರೆದುಕೊಟ್ಟೆ. ಜಯನಗರದಲ್ಲಿ ಕನ್ನಡದ ಹಾಳೆ ಸಿಗಬೇಕಲ್ಲವೇ? ಶುಲ್ಕ ಮೊದಲ ಭೇಟಿಗೆ 1,200 ರೂಪಾಯಿ, ನಂತರ ಪ್ರತಿ ಸಿಟ್ಟಿಂಗ್‌ಗೆ 800. ಕಡಿಮೆಯೇನಲ್ಲ. ಆದರೆ ಪ್ಯಾಕೇಜ್ ಇಲ್ಲ. ವಾರಕ್ಕೊಮ್ಮೆ ಇದ್ದ ಭೇಟಿಯನ್ನು ಜನವರಿಯಿಂದ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಇಳಿಸಿದ್ದು ಅವರೇ.

ಮಲಗಿಸಿ ಮಸಾಜ್ ಮಾಡಿ ಕಳುಹಿಸಲಿ ಎಂದು ಬಯಸುವವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಮನೆಯಲ್ಲಿ ದಿನವೂ ಮೂವತ್ತು ನಿಮಿಷ ವ್ಯಾಯಾಮ ಮಾಡದವರಿಗೂ ಇದು ಉಪಯೋಗಕ್ಕೆ ಬಾರದು. ಸೊಂಟನೋವಿನ ಜೊತೆಗೆ ಕಾಲಿನ ಶಕ್ತಿ ಕುಂದಿದ್ದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದ್ದರೆ ಇಲ್ಲಿಗಲ್ಲ, ತಡಮಾಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಬೌಲಿಂಗ್, ಜಿಮ್ನಾಸ್ಟಿಕ್ಸ್, ವೇಟ್‌ಲಿಫ್ಟಿಂಗ್‌ನಂತಹ ಬೆನ್ನು ಹಿಂದಕ್ಕೆ ಬಾಗಿಸುವ ಕ್ರೀಡೆಗಳಲ್ಲಿರುವ ಮಕ್ಕಳಿಗೆ ಎರಡು ಮೂರು ವಾರ ದಾಟಿಯೂ ಆಡುವಾಗ ಸೊಂಟ ಚುಚ್ಚುತ್ತಿದ್ದರೆ, ತಂದೆತಾಯಿ ಅವರನ್ನು ಇಲ್ಲಿಗೆ ಕರೆತರಬಹುದು. ಹಸಿರು ಮಾರ್ಗದ ಜಯನಗರ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿದೆ. ಬೆಳಗಿನ ಹೊತ್ತು ಜನ ಕಡಿಮೆ. ಹಳೆಯ ಎಕ್ಸ್‌ರೇ ಫಿಲ್ಮ್‌ಗಳ ಜೊತೆಗೆ, ಕಳೆದ ಮೂರು ತಿಂಗಳಲ್ಲಿ ವಾರವಾರಕ್ಕೆ ಎಷ್ಟು ಆಡಿದ್ದೀರೆಂಬ ಲೆಕ್ಕವನ್ನು ಮನೆಯಲ್ಲೇ ಬರೆದುಕೊಂಡು ಹೋಗಿ, ಮೊದಲು ಕೇಳುವುದು ಅದನ್ನೇ.